ಗಟಾರದ ನೀರು ಗೋದಾಮಿಗೆ ನುಗ್ಗಿದರೆ ಅದು ಪ್ರವಾಹವೇ? ವಿಮೆ ಕಂಪನಿ ಕ್ಲೇಮ್ ತಿರಸ್ಕರಿಸಿದಾಗ ಏನು ಮಾಡಬೇಕು

ಪ್ರಶ್ನೆ: ಬೆಳಗಾವಿಯ ವಡಗಾವಿಯಲ್ಲಿ ನಮ್ಮದು ಆರು ಪವರ್‌ಲೂಮ್ ಮಗ್ಗಗಳ ಕಸುಬು. ಸೀರೆ, ನೂಲು ಇಡುವ ಗೋದಾಮು ಪಕ್ಕದಲ್ಲೇ ಇದೆ, ನೆಲ ರಸ್ತೆಗಿಂತ ಒಂದಡಿ ತಗ್ಗು. ಹೋದ ಮಳೆಗಾಲದಲ್ಲಿ ರಾತ್ರಿಯಿಡೀ ಮಳೆ ಸುರಿದು ಬಳ್ಳಾರಿ ನಾಲಾ ತುಂಬಿತು. ಗಟಾರದ ನೀರು ಹಿಂದಕ್ಕೆ ಒತ್ತಿ ಬಂದು ಗೋದಾಮಿನಲ್ಲಿ ಎರಡೂವರೆ ಅಡಿ ನಿಂತು, ಮರುದಿನ ಮಧ್ಯಾಹ್ನ ಇಳಿಯಿತು. ಬ್ಯಾಂಕ್ ಸಾಲದ ಜೊತೆ ಮಾಡಿಸಿದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಇದೆ, ಸರಕಿಗೆ 20 ಲಕ್ಷ ರೂಪಾಯಿ ವಿಮೆ. ನಾವು 9.40 ಲಕ್ಷ ಕೇಳಿದೆವು. ಹಾನಿ ಅಳೆಯಲು ಕಂಪನಿ ಕಳಿಸಿದ ಸರ್ವೇಯರ್ 3.20 ಲಕ್ಷ ಎಂದು ಬರೆದರು. ಕಂಪನಿ ಅದನ್ನೂ ಕೊಡದೆ ಪತ್ರ ಕಳಿಸಿತು. ಅದರಲ್ಲಿ ಬರೆದದ್ದು: ಇದು ಪ್ರವಾಹವಲ್ಲ, ಗಟಾರದ ನೀರು ಮತ್ತು ಗೋಡೆಯ ಸೀಪೇಜ್ (ಜಿನುಗು). ಆರು ದಿನ ತಡವಾಗಿ ತಿಳಿಸಿದ್ದೀರಿ. ಸರಕನ್ನು ನೆಲದ ಮೇಲೆ ಇಟ್ಟಿದ್ದಿರಿ. ಸ್ಟಾಕಿನ ದಾಖಲೆ ಸಾಲದು ಎಂಬ ನಾಲ್ಕು ಕಾರಣ ಕೊಟ್ಟಿದ್ದಾರೆ. ಪತ್ರ ಬಂದು ಏಳು ತಿಂಗಳಾಯಿತು. ಎರಡು ಲಕ್ಷಕ್ಕೆ ಸಹಿ ಮಾಡಿದರೆ ಕೊಡಿಸುತ್ತೇನೆ ಎಂದು ಏಜೆಂಟರು ಹೇಳುತ್ತಿದ್ದಾರೆ. ಕೋರ್ಟಿಗೆ ಹೋಗಬಹುದೇ?

ಉತ್ತರ: ಹೋಗಬಹುದು. ನಿಮ್ಮ ಪ್ರಕರಣದಲ್ಲಿ ಬಲವಿದೆ. ಆದರೆ ಅದು 9.40 ಲಕ್ಷದ ಪ್ರಕರಣವಲ್ಲ, ನಾನು ಊಹಿಸಿಟ್ಟ ಅಂಕಿಗಳ ಪ್ರಕಾರ ಸುಮಾರು 5 ಲಕ್ಷದ ಪ್ರಕರಣ. ಲೆಕ್ಕವನ್ನು ಮುಂದೆ ಬಿಡಿಸಿ ತೋರಿಸಿದ್ದೇನೆ. ಎರಡು ಲಕ್ಷದ ಚೀಟಿಗೆ ಈಗ ಸಹಿ ಮಾಡಬೇಡಿ.

ಮೊದಲು ನೀರಿನ ವಿಚಾರ, ಎಲ್ಲವೂ ನಿಂತಿರುವುದು ಅದರ ಮೇಲೆ. ನಿಮ್ಮ ಪಾಲಿಸಿ ಹೆಸರಿಸಿದ ಅಪಾಯಗಳಿಗೆ ಮಾತ್ರ ಹಣ ಕೊಡುವಂಥದ್ದು. 'ನೀರಿನಿಂದ ಹಾನಿ' ಎಂಬ ಒಂದೇ ಬಾಬ್ತು ಅದರಲ್ಲಿಲ್ಲ. ನೀರಿಗೆ ಸಂಬಂಧಿಸಿ ಮುಖ್ಯವಾಗಿ ಎರಡು ಬಾಗಿಲು ಇವೆ. ಒಂದು, ಬಿರುಗಾಳಿ, ಚಂಡಮಾರುತ, ಪ್ರವಾಹ, ಜಲಾವೃತ ಇತ್ಯಾದಿ ಸೇರಿದ ಗುಂಪು. ಇನ್ನೊಂದು, ನೀರಿನ ಟ್ಯಾಂಕು, ಪೈಪು, ಉಪಕರಣ ಒಡೆದು ಅಥವಾ ಉಕ್ಕಿ ಹರಿದು ಆದ ಹಾನಿ. ಛಾವಣಿಯ ಸಂದಿಯಿಂದ ವರ್ಷಗಟ್ಟಲೆ ಜಿನುಗಿದ ನೀರು, ಗೋಡೆ ತೇವ ಹೀರಿ ಬಂದ ಬೂಷ್ಟು ಈ ಎರಡೂ ಬಾಗಿಲಿನಿಂದ ಒಳಗೆ ಬರುವುದಿಲ್ಲ. ಅದಕ್ಕೇ ಕಂಪನಿ ನಿಮ್ಮ ಹಾನಿಗೆ 'ಸೀಪೇಜ್' ಎಂದು ಹೆಸರಿಟ್ಟಿದೆ. ಆ ಪದ ಒಪ್ಪಿದರೆ ಕ್ಲೇಮ್ ಅಲ್ಲಿಗೇ ಮುಗಿಯುತ್ತದೆ.

ಇನ್ನು ಗಟಾರದ ನೀರು ಪ್ರವಾಹವಲ್ಲ ಎಂಬ ವಾದ. ಹೊಳೆಯೋ ಕೆರೆಯೋ ದಂಡೆ ಮೀರಿ ಬಂದರೆ ಮಾತ್ರ ಪ್ರವಾಹ, ಬರೀ ಮಳೆನೀರು ತುಂಬಿಕೊಂಡರೆ ಅಲ್ಲ ಎಂದು ವಿಮೆ ಕಂಪನಿಗಳು ಹೇಳುತ್ತ ಬಂದಿವೆ. ಓರಿಯೆಂಟಲ್ ಇನ್ಶೂರೆನ್ಸ್ ವಿರುದ್ಧ ಜೆ.ಕೆ. ಸಿಮೆಂಟ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದೇ ವಾದವನ್ನು ತಳ್ಳಿಹಾಕಿತು. ಅಲ್ಲಿ ಭಾರಿ ಮಳೆಗೆ ಅಂಗಳದಲ್ಲಿದ್ದ ಕಲ್ಲಿದ್ದಲು ಹಾಳಾಗಿತ್ತು. ಹತ್ತಿರದ ಹೊಳೆ ಉಕ್ಕಿರಲಿಲ್ಲ. ಸಾಮಾನ್ಯವಾಗಿ ಒಣಗಿರುವ ನೆಲದ ಮೇಲೆ ನೀರು ಆವರಿಸಿದರೆ ಸಾಕು, ಭಾರಿ ಮಳೆಯ ನೀರು ತುಂಬಿ ನಿಂತರೂ ಅದು 'ಪ್ರವಾಹ ಮತ್ತು ಜಲಾವೃತ'ದೊಳಗೆ ಬರುತ್ತದೆ ಎಂಬುದು ಆ ತೀರ್ಪಿನ ತಿರುಳು. ಬೆಳಗಾವಿಯ ಖಾಸಬಾಗ, ಶಹಾಪುರ, ವಡಗಾವಿ ಕಡೆಯ ತಗ್ಗಿನ ಓಣಿಗಳಿಗೂ, ಘಟಪ್ರಭೆ ಏರಿದಾಗ ಗೋಕಾಕ, ಮುಧೋಳದಲ್ಲಿ ಗಟಾರದ ಬಾಯಿಂದ ಹಿಂದಕ್ಕೆ ನೀರು ಕಾರುವ ಅಂಗಡಿಸಾಲುಗಳಿಗೂ ಈ ತೀರ್ಪು ಹೇಳಿ ಮಾಡಿಸಿದಂತಿದೆ. ನಿಮ್ಮಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ನಾಲಾವೇ ಉಕ್ಕಿದೆ. ನೀರು ಕೊನೆಗೆ ಯಾವ ಮೋರಿಯಿಂದ ಒಳಬಂತು ಎನ್ನುವುದಕ್ಕಿಂತ, ಅದನ್ನು ಹಿಂದಕ್ಕೆ ಒತ್ತಿದ್ದು ಯಾವುದು ಎಂಬುದು ಮುಖ್ಯ. ಘಟನೆಗಳ ಸರಪಳಿಯನ್ನು ಚಾಲೂ ಮಾಡಿದ ಪ್ರಬಲ ಕಾರಣವನ್ನೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2009ರ ಝುವಾರಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ.

ತೀರ್ಪು ಎಷ್ಟೇ ಗಟ್ಟಿಯಿದ್ದರೂ ನೀರು ಹೀಗೇ ಬಂತು ಎಂದು ನೀವು ತೋರಿಸಬೇಕು. ನಿಂತ ನೀರಿನ ಗುರುತು ಬೇರೆ, ಸೀಪೇಜಿನ ಗುರುತು ಬೇರೆ. ನೀರು ನಿಂತರೆ ನಾಲ್ಕೂ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಅಡ್ಡಗೆರೆ ಬೀಳುತ್ತದೆ, ಬಾಗಿಲ ಚೌಕಟ್ಟಿನ ಮೇಲೂ ಮಗ್ಗದ ಕಾಲಿನ ಮೇಲೂ ಅದೇ ಎತ್ತರ ಇರುತ್ತದೆ. ನೂಲಿನ ಮೂಟೆ ಬಿಚ್ಚಿದರೆ ಮಡಿಕೆಯ ಒಳಗೆ ಸಣ್ಣ ರಾಡಿ ಸಿಗುತ್ತದೆ. ಸೀಪೇಜಿನಲ್ಲಿ ಗೋಡೆ ತೇಪೆ ತೇಪೆಯಾಗಿ ಕಪ್ಪಾಗುತ್ತದೆ, ಬಿಳಿ ಉಪ್ಪಿನ ಪುಡಿ ಏಳುತ್ತದೆ, ಗೋಡೆಗೆ ತಾಗಿದ ಬದಿಯ ಸರಕು ಮಾತ್ರ ಹಾಳಾಗುತ್ತದೆ. ಆ ದಿನದ ಫೋಟೋಗಳಲ್ಲಿ ಅಡ್ಡಗೆರೆ ಕಾಣುತ್ತಿದೆಯೇ ನೋಡಿ. ಫೋನಿನ ಮೂಲ ಕಡತ ಅಳಿಸಬೇಡಿ, ವಾಟ್ಸಾಪಿನಲ್ಲಿ ಬಂದ ಪ್ರತಿಯಲ್ಲಿ ತಾರೀಖು, ಸಮಯದ ವಿವರ ಉಳಿದಿರುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಗೆ ಕೊಡುವ ಪ್ರಮಾಣಪತ್ರವನ್ನು ಫೋಟೋಗಳ ಜೊತೆ ಲಗತ್ತಿಸಿದರೆ ಎದುರಿನವರ ತಕರಾರಿಗೆ ಜಾಗ ಕಡಿಮೆ. ಗೋಡೆಗೆ ಇನ್ನೂ ಸುಣ್ಣ ಹೊಡೆಸಿಲ್ಲವಾದರೆ ಈಗಲೇ ಟೇಪು ಹಿಡಿದು ಅಳತೆ ಸಮೇತ ಫೋಟೋ ತೆಗೆಯಿರಿ.

ಹೊರಗಿನ ದಾಖಲೆಯೂ ಬೇಕು. ಆ ರಾತ್ರಿಯ ಮಳೆಯ ಪ್ರಮಾಣವನ್ನು ಹವಾಮಾನ ಇಲಾಖೆಯಿಂದ ಅಥವಾ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ಅಂಕಿಯಿಂದ ಪಡೆಯಿರಿ. ನಾಲಾ ಉಕ್ಕಿದ ಬಗ್ಗೆ ಮಹಾನಗರ ಪಾಲಿಕೆಯಲ್ಲಿ ದಾಖಲಾದ ದೂರು, ಪಂಪು ಕಳಿಸಿದ ದಾಖಲೆ, ತಹಶೀಲ್ದಾರ ಕಚೇರಿಯ ಪಂಚನಾಮೆ ಇದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆದುಕೊಳ್ಳಿ. ಆ ದಿನದ ಸ್ಥಳೀಯ ಪತ್ರಿಕೆಯ ಪುಟ, ಅದೇ ಓಣಿಯ ಇಬ್ಬರು ಮೂವರ ಅಫಿಡವಿಟ್ ಇದ್ದರೆ ಚಿತ್ರ ಪೂರ್ತಿಯಾಗುತ್ತದೆ. ಅಕ್ಕಪಕ್ಕದ ಯಾರಿಗಾದರೂ ಅದೇ ರಾತ್ರಿಯ ಹಾನಿಗೆ ಬೇರೆ ಕಂಪನಿ ಹಣ ಕೊಟ್ಟಿದ್ದರೆ ಆ ಪತ್ರ ಬಂಗಾರದಂಥದ್ದು.

ತಡವಾಗಿ ತಿಳಿಸಿದ ಆಕ್ಷೇಪಕ್ಕೆ ಹೆಚ್ಚು ಅಂಜಬೇಕಿಲ್ಲ. ತಡಕ್ಕೆ ತಕ್ಕ ಕಾರಣವಿದ್ದರೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಳ್ಳಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಹೇಳಿದೆ, ಸುಪ್ರೀಂ ಕೋರ್ಟ್ 2017ರ ಓಂ ಪ್ರಕಾಶ್ ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಮರುದಿನವೇ ಏಜೆಂಟರಿಗೋ ಬ್ಯಾಂಕಿನವರಿಗೋ ಫೋನ್ ಮಾಡಿದ್ದರೆ ಕಾಲ್ ವಿವರ ತೆಗೆಸಿಡಿ. ಆರನೇ ದಿನ ಸರ್ವೇಯರ್ ಬಂದಾಗ ಒದ್ದೆ ಸರಕು ಅಲ್ಲೇ ಇತ್ತು ಎಂಬುದು ಅವರ ವರದಿಯಲ್ಲೇ ಬಂದಿದ್ದರೆ, ತಡದಿಂದ ಕಂಪನಿಗೆ ಏನು ನಷ್ಟವಾಯಿತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಇರುವುದಿಲ್ಲ.

ಸರಕು ನೆಲದ ಮೇಲಿತ್ತು ಎಂಬುದು ಸ್ವಲ್ಪ ಗಂಭೀರ. ಗೋದಾಮಿನ ಪಾಲಿಸಿಗಳಲ್ಲಿ ಕೆಲವೊಮ್ಮೆ ಸರಕು ನೆಲದಿಂದ ಆರು ಇಂಚು ಮೇಲಿರಬೇಕು ಎಂಬ ವಾರಂಟಿ (ಕಡ್ಡಾಯ ಷರತ್ತು) ಬರೆದಿರುತ್ತಾರೆ. ನಿಮ್ಮ ಪಾಲಿಸಿಯ ಷೆಡ್ಯೂಲು (ವಿಮೆಯ ವಿವರಗಳ ಪುಟ), ಅದಕ್ಕೆ ಹಚ್ಚಿದ ಹೆಚ್ಚುವರಿ ಷರತ್ತಿನ ಪುಟವಾದ ಎಂಡಾರ್ಸ್‌ಮೆಂಟು, ಎರಡನ್ನೂ ಪದ ಪದ ಓದಿ. ಅಂಥ ಸಾಲು ಇಲ್ಲದಿದ್ದರೆ, ಬರೆಯದ ಷರತ್ತನ್ನು ಕಂಪನಿ ಈಗ ಹುಟ್ಟಿಸುವಂತಿಲ್ಲ. ಇದ್ದರೂ ಎರಡು ಮಾತು ಹೇಳಬಹುದು. ನೀರು ಎರಡೂವರೆ ಅಡಿ ನಿಂತಾಗ ಆರು ಇಂಚಿನ ಮಣೆಯಿಂದ ಉಳಿಯುತ್ತಿದ್ದುದು ಬಹಳ ಕಡಿಮೆ. ಎರಡನೆಯದು, ಆ ಷರತ್ತನ್ನು ನಿಮಗೆ ತಿಳಿಸಿಕೊಟ್ಟಿದ್ದರೇ, ಪಾಲಿಸಿ ಕೊಡುವ ಮುಂಚೆ ಗೋದಾಮು ನೋಡಿದ್ದರೇ ಎಂಬುದು. 2022ರ ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ನೆಲಮಾಳಿಗೆಯ ಅಂಗಡಿಗೆ ವಿಮೆ ಕೊಟ್ಟು, ನೆಲಮಾಳಿಗೆ ಹೊರತು ಎಂಬ ಷರತ್ತನ್ನೇ ಮುಂದೆ ಮಾಡಿ ಕ್ಲೇಮ್ ತಳ್ಳಿದ್ದರು. ಅಂಗಡಿ ಎಲ್ಲಿದೆ ಎಂದು ತಿಳಿದೇ ಪ್ರೀಮಿಯಂ ಪಡೆದವರು ಅಂಥ ಷರತ್ತಿನ ಹಿಂದೆ ಅಡಗುವಂತಿಲ್ಲ ಎಂದು ಕೋರ್ಟ್ ಹೇಳಿತು. ಹೊರತುಪಡಿಸಿದ ಕಲಂ ಅನ್ವಯಿಸುತ್ತದೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು ಎಂದು 2023ರ ವೇದಿಕ್ ರೆಸಾರ್ಟ್ಸ್ ತೀರ್ಪು ಸ್ಪಷ್ಟಪಡಿಸಿದೆ.

ಈ ನಾಲ್ಕು ಕಾರಣಗಳ ಹೊರಗೆ ಐದನೆಯದನ್ನು ಕಂಪನಿ ಗ್ರಾಹಕರ ಆಯೋಗದ ಮುಂದೆ ಹೊಸದಾಗಿ ಎತ್ತಲು ನೋಡಿದರೆ ತಕ್ಷಣ ಆಕ್ಷೇಪಿಸಿ. ತಿರಸ್ಕಾರ ಪತ್ರದಲ್ಲಿ ಇಲ್ಲದ ಕಾರಣವನ್ನು ಆಮೇಲೆ ತರುವಂತಿಲ್ಲ ಎಂದು 2019ರ ಸೌರಾಷ್ಟ್ರ ಕೆಮಿಕಲ್ಸ್ ತೀರ್ಪು ಹೇಳುತ್ತದೆ. ಅದಕ್ಕೇ ಆ ಪತ್ರದ ಮೂಲ ಪ್ರತಿಯನ್ನು ಲಕೋಟೆ ಸಮೇತ ಜೋಪಾನ ಮಾಡಿ.

ಈಗ ಲೆಕ್ಕ. ಸತ್ಯ ಹೇಳಬೇಕೆಂದರೆ ನೀವು ಎಡವಿರುವುದು ಇಲ್ಲಿ. ನೀವು ಕೇಳಿದ 9.40 ಲಕ್ಷದಲ್ಲಿ ಸೀರೆಗಳು 6.50 ಲಕ್ಷ, ನೂಲು 2.90 ಲಕ್ಷ ಎಂದು ಇಟ್ಟುಕೊಳ್ಳೋಣ. ಸೀರೆಗೆ ನೀವು ಮಾರಾಟದ ದರ ಹಾಕಿದ್ದರೆ ಅದು ನಿಲ್ಲುವುದಿಲ್ಲ. ವಿಮೆ ತುಂಬಿಕೊಡುವುದು ನಿಮ್ಮ ಖರ್ಚನ್ನು, ಬರಬೇಕಿದ್ದ ಲಾಭವನ್ನಲ್ಲ. ಮಾರಾಟದ ಮೇಲೆ ಶೇ. 20 ಲಾಭವಿದ್ದರೆ 6.50 ಲಕ್ಷದ ಸೀರೆಯ ಅಸಲು 5.20 ಲಕ್ಷ. ನೂಲು ಸೇರಿ 8.10 ಲಕ್ಷ. ಒದ್ದೆ ಸರಕಿನಿಂದ ಬರುವ ಬೆಲೆ, ಅಂದರೆ ಸಾಲ್ವೇಜ್, 1.60 ಲಕ್ಷ ಕಳೆದರೆ ನಿವ್ವಳ ಹಾನಿ 6.50 ಲಕ್ಷ.

ಆಮೇಲೆ ಕಡಿಮೆ ವಿಮೆಯ ಕಡಿತ. ಸರಕಿನ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಇದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆ ದಿನ ಗೋದಾಮಿನಲ್ಲಿ ಎಷ್ಟು ಬೆಲೆಯ ಸರಕಿತ್ತು ಎಂಬುದನ್ನು ಹೀಗೆ ಕಟ್ಟುತ್ತಾರೆ: ಏಪ್ರಿಲ್ 1ರ ಆರಂಭದ ಸ್ಟಾಕು 17 ಲಕ್ಷ, ಅಲ್ಲಿಂದ ಘಟನೆಯ ದಿನದವರೆಗೆ ಖರೀದಿ 11 ಲಕ್ಷ, ಕೂಲಿ ಮತ್ತು ಬಣ್ಣದ ಖರ್ಚು 4 ಲಕ್ಷ, ಒಟ್ಟು 32 ಲಕ್ಷ. ಅದೇ ಅವಧಿಯ ಮಾರಾಟ 7.50 ಲಕ್ಷ, ಲಾಭ ಬಿಟ್ಟು ಅಸಲು 6 ಲಕ್ಷ. ಉಳಿದದ್ದು 26 ಲಕ್ಷ. ವಿಮೆ ಇರುವುದು 20 ಲಕ್ಷಕ್ಕೆ. ನಿಮ್ಮ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ಮಾಫಿ ಇದೆ, ಇಲ್ಲಿ ಕೊರತೆ ಶೇ. 23. ಆದ್ದರಿಂದ 6.50 ಲಕ್ಷವನ್ನು 20ರಿಂದ ಗುಣಿಸಿ 26ರಿಂದ ಭಾಗಿಸಬೇಕು: 5 ಲಕ್ಷ. ಇದರಲ್ಲಿ ಷೆಡ್ಯೂಲಿನಲ್ಲಿ ಬರೆದ ಎಕ್ಸೆಸ್, ಅಂದರೆ ನಷ್ಟದಲ್ಲಿ ನೀವೇ ಹೊರಬೇಕಾದ ಪಾಲು, ಕಳೆಯುತ್ತಾರೆ. (ಮನೆಗೆ ಮಾಡಿಸುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವೇ ಇಲ್ಲ, ಅಂಗಡಿ, ಕಾರ್ಖಾನೆಯವರಿಗೆ ಮಾತ್ರ ಈ ತೊಡಕು.) ಇಲ್ಲಿನ ಅಂಕಿಗಳು ದಾರಿ ತೋರಿಸಲು ಇಟ್ಟವು. ನಿಮ್ಮ ಪುಸ್ತಕದ ಅಂಕಿ ಹಾಕಿ ಲೆಕ್ಕಪರಿಶೋಧಕರ ಸಹಿಯೊಂದಿಗೆ ಇದೇ ತಖ್ತೆ ಮಾಡಿಸಿ. ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ರಿಟರ್ನು, ನೂಲಿನ ಖರೀದಿ ಬಿಲ್ಲು, ಕೂಲಿ ಪುಸ್ತಕ ಈ ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ಬ್ಯಾಂಕಿಗೆ ಹೆಚ್ಚು ಸಾಲ ಸಿಗಲೆಂದು ಸ್ಟಾಕು ಹಿಗ್ಗಿಸಿ ಬರೆದಿದ್ದರೆ ಅದೇ ಅಂಕಿ ಇಲ್ಲಿ ನಿಮ್ಮ ಕೊರತೆಯ ಶೇಕಡಾವಾರನ್ನು ಏರಿಸಿ ಪರಿಹಾರವನ್ನು ಇಳಿಸುತ್ತದೆ.

ಜಿಎಸ್‌ಟಿಯ ಒಂದು ಅಂಶ ಬಹಳ ಜನರಿಗೆ ತಪ್ಪುತ್ತದೆ. ಪೂರ್ತಿ ನಾಶವಾದ ಅಥವಾ ಪುಸ್ತಕದಿಂದ ತೆಗೆದುಹಾಕಿದ ಸರಕಿನ ಖರೀದಿಗೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಕ್ಕ ವಜಾ) ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಪ್ರಕಾರ ಹಿಂದಿರುಗಿಸಬೇಕು. ಹಾಗೆ ಹಿಂದಿರುಗಿಸಿದ ತೆರಿಗೆಯೂ ನಿಮ್ಮ ನಷ್ಟವೇ. ರಿಟರ್ನಿನಲ್ಲಿ ರಿವರ್ಸಲ್ ತೋರಿಸಿದ ಪ್ರತಿ ಲಗತ್ತಿಸಿ ಅದನ್ನು ಬೇರೆ ಬಾಬ್ತಾಗಿ ಕೇಳಿ.

ಸರ್ವೇಯರ್ 3.20 ಲಕ್ಷಕ್ಕೆ ಇಳಿಸಿದ್ದು ಹೇಗೆ ಎಂದು ತಿಳಿಯಲು ವರದಿಯ ನಕಲು ಬೇಕು, ಅದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಸಾಮಾನ್ಯವಾಗಿ ಕಡಿತ ಎರಡು ಕಡೆ ಅಡಗಿರುತ್ತದೆ: ಸಾಲ್ವೇಜಿನ ಬೆಲೆಯನ್ನು ಹೆಚ್ಚಾಗಿ ಹಿಡಿದಿರುತ್ತಾರೆ, ಹಳೇ ಸರಕು ಎಂದು ಇನ್ನಷ್ಟು ಕಳೆದಿರುತ್ತಾರೆ. ಚರಂಡಿ ನೀರು ಹೊಕ್ಕ ಸೀರೆಯನ್ನು ತೊಳೆದು ಮಾರಬಹುದು ಎಂದು ಬರೆಯುವುದು ಸುಲಭ. ಝರಿ ಕಪ್ಪಾಗಿ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದ ಸೀರೆಯನ್ನು ಕೊಳ್ಳುವವರಿಲ್ಲ ಎಂದು ನೀವು ತೋರಿಸಬೇಕು. ಇಬ್ಬರು ವ್ಯಾಪಾರಿಗಳಿಂದ ಲಿಖಿತ ದರ ತರಿಸಿ. ಬೇಕಾದರೆ ಪರವಾನಗಿ ಇರುವ ಇನ್ನೊಬ್ಬ ಸರ್ವೇಯರಿಂದ ನಿಮ್ಮ ಖರ್ಚಿನಲ್ಲಿ ವರದಿ ಮಾಡಿಸಿ. ಸರ್ವೇಯರ್ ವರದಿ ಮುಖ್ಯವಾದರೂ ಅದೇ ಕೊನೆಯ ಮಾತಲ್ಲ ಎಂದು 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಎದುರು ದಾಖಲೆ ಇಲ್ಲದೆ ಬರೀ 'ಕಡಿಮೆಯಾಯಿತು' ಎಂದರೆ ಆಯೋಗ ಸರ್ವೇಯರ್ ಅಂಕಿಯನ್ನೇ ಹಿಡಿಯುತ್ತದೆ.

ಎಲ್ಲಿಗೆ ಹೋಗಬೇಕು? ನಿಮ್ಮ ಮುಂದೆ ಎರಡು ಒಳ್ಳೆಯ ದಾರಿಗಳಿವೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸೂಕ್ಷ್ಮ ಉದ್ಯಮಿಯಾದರೆ, ವಿಮೆಯ ದೂರುಗಳನ್ನು ಬಗೆಹರಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷದವರೆಗಿನ ಪರಿಹಾರ ಕೊಡಬಹುದು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದು ಒಂದು ತಿಂಗಳು ಕಾಯಬೇಕು. ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕಾದ್ದರಿಂದ ನಿಮಗೆ ಉಳಿದಿರುವುದು ಐದು ತಿಂಗಳು. ಈ ವಾರವೇ ದೂರು ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಬರೆಯಿರಿ.

ಇನ್ನೊಂದು, ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಬಾಗಲಕೋಟೆ, ವಿಜಯಪುರದವರಿಗೆ ಅವರವರ ಜಿಲ್ಲೆಯಲ್ಲೇ ಇದೆ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲೋ ಚೆನ್ನೈಯಲ್ಲೋ ಇದ್ದರೂ, ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ವ್ಯಾಪ್ತಿ ನಿರ್ಧಾರವಾಗುವುದು ಕ್ಲೇಮ್ ಮೊತ್ತದಿಂದಲ್ಲ, ಕಟ್ಟಿದ ಪ್ರೀಮಿಯಂನಿಂದ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಿಮ್ಮ ಪ್ರೀಮಿಯಂ ಕೆಲವು ಸಾವಿರದ್ದು, ಹಾಗಾಗಿ ಶುಲ್ಕ ಸೊನ್ನೆ. ವ್ಯಾಪಾರಕ್ಕೆ ಮಾಡಿಸಿದ ವಿಮೆ, ನೀವು ಗ್ರಾಹಕರಲ್ಲ ಎಂದು ಕಂಪನಿ ಹೇಳಿದರೆ 2023ರ ಹರ್ಸೋಲಿಯಾ ಮೋಟರ್ಸ್ ತೀರ್ಪು ತೋರಿಸಿ. ವಿಮೆ ನಷ್ಟ ತುಂಬಿಕೊಳ್ಳಲು ಇರುವುದು, ಲಾಭ ಮಾಡಲು ಅಲ್ಲ ಎಂದು ಕೋರ್ಟ್ ಆ ಆಕ್ಷೇಪವನ್ನು ತಳ್ಳಿದೆ. ದೂರು ಕೊಡಲು ಗಡುವು ಎರಡು ವರ್ಷ. ಕಂಪನಿಗೆ ಮತ್ತೆ ಮತ್ತೆ ಪತ್ರ ಬರೆಯುತ್ತಿದ್ದೇವೆ ಎಂದು ಈ ಗಡುವು ಮುಂದಕ್ಕೆ ಹೋಗುವುದಿಲ್ಲ.

ನನ್ನ ಸಲಹೆ ಮೊದಲು ಓಂಬುಡ್ಸ್‌ಮನ್. ಅಲ್ಲಿ ತೃಪ್ತಿಯಾಗದಿದ್ದರೆ ಆಯೋಗಕ್ಕೆ ಬರಲು ನಿಮಗೆ ಇನ್ನೂ ಸಮಯ ಉಳಿಯುತ್ತದೆ. ಒಂದೇ ಸಲಕ್ಕೆ ಎರಡೂ ಕಡೆ ಹೋಗಬೇಡಿ, ಆಯೋಗದಲ್ಲಿ ಪ್ರಕರಣವಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಸಾಲ್ವೇಜ್ ಬಗ್ಗೆ ಸರ್ವೇಯರರನ್ನು ಪ್ರಶ್ನಾವಳಿಯಿಂದ ಬಿಗಿಯಾಗಿ ವಿಚಾರಿಸಬೇಕು ಎನಿಸಿದರೆ ಮಾತ್ರ ನೇರ ಆಯೋಗವೇ ಮೇಲು. ಸಿವಿಲ್ ಕೋರ್ಟಿನ ದಾರಿ ಮೂರು ವರ್ಷದವರೆಗೆ ತೆರೆದಿರುತ್ತದೆ, ಆದರೆ ಕೋರ್ಟ್ ಫೀ ಮೊತ್ತಕ್ಕೆ ತಕ್ಕಂತೆ ಏರುತ್ತದೆ. ಈ ಹಣಕ್ಕೆ ಅದು ಬೇಡ.

ಆಯೋಗದಲ್ಲಿ ದೂರನ್ನು ಇ-ಜಾಗೃತಿ ಪೋರ್ಟಲಿನಲ್ಲೂ ಹಾಕಬಹುದು. ದೂರು, ಅಫಿಡವಿಟ್, ಪುಟಸಂಖ್ಯೆ ಹಾಕಿದ ದಾಖಲೆಗಳ ಪಟ್ಟಿ, ಷೆಡ್ಯೂಲು ಸಮೇತ ಪೂರ್ತಿ ಪಾಲಿಸಿ, ತಿರಸ್ಕಾರ ಪತ್ರ, ಸರ್ವೇ ವರದಿ, ಲೆಕ್ಕದ ತಖ್ತೆ ಇಷ್ಟು ಬೇಕು. ದೂರಿನಲ್ಲಿ ತಿರಸ್ಕಾರ ಪತ್ರದ ನಾಲ್ಕು ಕಾರಣಗಳಿಗೆ ಅದೇ ಕ್ರಮದಲ್ಲಿ ಉತ್ತರ ಬರೆಯಿರಿ. ದಾಖಲೆ ಸಾಲದು ಎಂಬ ನಾಲ್ಕನೆಯದಕ್ಕೆ, ಕೇವಲ ದಾಖಲೆ ಇಲ್ಲವೆಂದು ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ತಿಂಗಳ ಮಾಸ್ಟರ್ ಸುತ್ತೋಲೆ ಹೇಳುವುದನ್ನು ಸೇರಿಸಿ. ನೋಟಿಸು ತಲುಪಿದ 30 ದಿನದಲ್ಲಿ, ಆಯೋಗ ಬಿಟ್ಟರೆ ಇನ್ನು 15 ದಿನದಲ್ಲಿ ಕಂಪನಿ ಉತ್ತರ ಹಾಕಲೇಬೇಕು. ಅದರಾಚೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಹಿಲ್ಲಿ ಮಲ್ಟಿಪರ್ಪಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿದೆ. 45 ದಿನ ಎಣಿಸುತ್ತಿರಿ. ನೀವು ಗೆದ್ದ ಮೇಲೆ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು.

ಒಂದು ಎಚ್ಚರ. ಒಂದೇ ಒಂದು ಖೊಟ್ಟಿ ಬಿಲ್ಲೂ ಕಡತದಲ್ಲಿ ಇರಬಾರದು. ವಂಚನೆಯ ಆರೋಪ ಬಂದು ಸಾಕ್ಷಿಗಳ ದೀರ್ಘ ವಿಚಾರಣೆ ಬೇಕಾದರೆ, ಸಿವಿಲ್ ಕೋರ್ಟಿಗೆ ಹೋಗಿ ಎಂದು ಆಯೋಗ ಕೈಬಿಡಬಹುದು. 9.40 ಲಕ್ಷದ ಹಳೇ ಅಂಕಿಯನ್ನು ನೀವೇ ತಿದ್ದಿ, ಯಾಕೆ ತಿದ್ದಿದಿರಿ ಎಂದು ಬರೆದು, ನಿಮ್ಮ ಪುಸ್ತಕದಿಂದ ಬಂದ ಅಂಕಿಗೆ (ಮೇಲಿನ ಉದಾಹರಣೆಯಲ್ಲಿ 5 ಲಕ್ಷ) ಬನ್ನಿ. ಅದರ ಮೇಲೆ ಬಡ್ಡಿ, ಮಾನಸಿಕ ಕಿರಿಕಿರಿಗೆ ಪರಿಹಾರ, ಖರ್ಚು ಬೇರೆ ಕೇಳಿ. ಬಡ್ಡಿ ಸಾಮಾನ್ಯವಾಗಿ ಶೇ. 6ರಿಂದ 9ರ ನಡುವೆ ಸಿಗುತ್ತದೆ.

ಏಜೆಂಟರ ಎರಡು ಲಕ್ಷದ ವಿಚಾರ: 'ಪೂರ್ಣ ಮತ್ತು ಅಂತಿಮ' ಎಂದು ಬರೆದ ವೋಚರಿಗೆ ಸಹಿ ಮಾಡಿದರೂ, ಒತ್ತಾಯ ಅಥವಾ ಮೋಸದಿಂದ ಮಾಡಿಸಿದ್ದೆಂದು ತೋರಿಸಿದರೆ ಬಾಕಿ ಕೇಳಬಹುದು ಎಂದು 1999ರ ಅಜ್ಮೇರ್ ಸಿಂಗ್ ಕಾಟನ್ ತೀರ್ಪು ಇದೆ. ಆದರೆ ಒತ್ತಾಯವನ್ನು ಸಾಬೀತು ಮಾಡುವುದು ಕಷ್ಟದ ಕೆಲಸ. ಕಂಪನಿ ಬರವಣಿಗೆಯಲ್ಲಿ ಮೊತ್ತ ಹೇಳಿದರೆ, 'ಆಕ್ಷೇಪಣೆಯೊಂದಿಗೆ, ಭಾಗಶಃ ಪಾವತಿಯಾಗಿ ಪಡೆದಿದ್ದೇನೆ' ಎಂದು ಬರೆದು ಪಡೆಯಲು ಸಿದ್ಧ ಎಂದು ಉತ್ತರಿಸಿ.

ಬ್ಯಾಂಕಿನ ಹೆಸರು ಪಾಲಿಸಿಯಲ್ಲಿ ಇರುವುದರಿಂದ ಹಣ ಮೊದಲು ಸಾಲದ ಖಾತೆಗೇ ಹೋಗುತ್ತದೆ. ದೂರಿನಲ್ಲಿ ಬ್ಯಾಂಕನ್ನೂ ಪಕ್ಷಗಾರರನ್ನಾಗಿ ಸೇರಿಸಿ, ಆಗ ಸ್ಟಾಕ್ ಸ್ಟೇಟ್‌ಮೆಂಟುಗಳು ಅವರ ಕಡೆಯಿಂದಲೇ ದಾಖಲೆಗೆ ಬರುತ್ತವೆ. ಒದ್ದೆಯಾದ ಮೋಟರುಗಳನ್ನು ಬಿಚ್ಚಿ ಒಣಗಿಸದೆ ಚಾಲೂ ಮಾಡಿ ಸುಟ್ಟಿದ್ದರೆ ಆ ಬಾಬ್ತನ್ನು ಈ ದೂರಿಗೆ ಸೇರಿಸಬೇಡಿ. ಶಾರ್ಟ್ ಸರ್ಕಿಟ್ಟಿನಿಂದ ಅದೇ ಯಂತ್ರಕ್ಕಾದ ಹಾನಿ ಪಾಲಿಸಿಯ ಹೊರಗಿನದು, ಅದು ಉಳಿದ ಕ್ಲೇಮಿನ ಮೇಲೂ ಸಂಶಯ ತರುತ್ತದೆ.

ಹಾಳಾದ ಸೀರೆ, ನೂಲು ಇನ್ನೂ ಗೋದಾಮಿನಲ್ಲಿದ್ದರೆ ಸುಮ್ಮನೆ ಮಾರಬೇಡಿ, ಎಸೆಯಬೇಡಿ. '15 ದಿನದಲ್ಲಿ ನೀವು ಬಂದು ನೋಡದಿದ್ದರೆ ಸಿಕ್ಕ ಬೆಲೆಗೆ ಮಾರುತ್ತೇವೆ, ಬಂದ ಹಣವನ್ನು ಲೆಕ್ಕದಲ್ಲಿ ಕಳೆಯುತ್ತೇವೆ' ಎಂದು ಕಂಪನಿಗೂ ಸರ್ವೇಯರಿಗೂ ಬರೆಯಿರಿ. ಪ್ರತಿ ಲಾಟಿನಿಂದ ಎರಡೆರಡು ಸೀರೆ, ಒಂದೊಂದು ಕೋನ್ ನೂಲು ಚೀಟಿ ಹಚ್ಚಿ ತೆಗೆದಿಟ್ಟು, ಉಳಿದದ್ದನ್ನು ತೂಕದ ಚೀಟಿ ಮತ್ತು ಬಿಲ್ಲಿನೊಂದಿಗೆ ಮಾರಿ. ಆ ಬಿಲ್ಲೇ ನಿಮ್ಮ ಸಾಲ್ವೇಜಿನ ನಿಜವಾದ ಬೆಲೆ.